ಕಣ್ಣಿನ ಕೆಂಪಿಗೆ ಡ್ರಾಪ್ಸ್ ಕೇಳುವ ಹುಡುಗರು

ಮಾನ್ಯ ಸಂಪಾದಕರೇ,

ಬಂಗಾರಪೇಟೆಯಲ್ಲಿ 27 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಅಂಗಡಿ ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಬೆಳಗಿನ ಜಾವದ ರೈಲು ಹಿಡಿಯುವವರು ತಲೆನೋವಿಗೆ, ಗ್ಯಾಸಿಗೆ ಅಂತ ಬರುತ್ತಾರೆ. ಅದಕ್ಕೇ ಐದೂವರೆಗೆಲ್ಲ ಷಟರ್ ಎತ್ತುತ್ತೇನೆ. ನಿಮ್ಮ ಪತ್ರಿಕೆಯ ಬಂಡಲ್ ಪಕ್ಕದ ಅಂಗಡಿ ಮುಂದೆ ಬಿದ್ದಿರುತ್ತದೆ. ಅದನ್ನು ಬಿಚ್ಚಿ ಮೊದಲು ಓದುವವನು ಹೆಚ್ಚಾಗಿ ನಾನೇ.

ಗಾಂಜಾ ಹಿಡಿದ ಸುದ್ದಿ ಆಗಾಗ ಇರುತ್ತದೆ. ಮೇಜಿನ ಮೇಲೆ ಪ್ಯಾಕೆಟ್ಟುಗಳು, ಹಿಂದೆ ಪೊಲೀಸರು, ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಇಬ್ಬರು ಹುಡುಗರು. ಹಿಡಿಯಲಿ, ಬೇಡ ಅನ್ನಲ್ಲ. ಆದರೆ ಆ ಫೋಟೊದಲ್ಲಿ ಕಾಣದ ಒಂದು ಸಂಗತಿ ನನ್ನ ಕೌಂಟರಿನ ಮುಂದೆ ದಿನಾ ಬಂದು ನಿಲ್ಲುತ್ತದೆ. ಅದನ್ನು ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿ ನಿಮ್ಮ ಕೈಯಲ್ಲೇ ಇದೆಯಲ್ಲ.

ಎರಡು ಮೂರು ವರ್ಷದಿಂದ ಕಣ್ಣಿನ ಕೆಂಪು ಹೋಗಿಸುವ ಡ್ರಾಪ್ಸ್ ಕೇಳಿಕೊಂಡು ಬರುವ ಹುಡುಗರು ಜಾಸ್ತಿ ಆಗಿದ್ದಾರೆ. ಇಪ್ಪತ್ತು, ಇಪ್ಪತ್ತೈದರ ಒಳಗಿನವರು. ಕಣ್ಣು ಕೆಂಪಾಗುವುದಕ್ಕೆ ನೂರೆಂಟು ಕಾರಣ. ಗಾಂಜಾ ಸೇದಿದರೆ ಕಣ್ಣಿನ ಸಣ್ಣ ರಕ್ತನಾಳಗಳು ಹಿಗ್ಗಿ ಕೆಂಪಾಗುತ್ತವೆ. ನಿದ್ದೆಗೆಟ್ಟರೂ ಕೆಂಪಾಗುತ್ತವೆ. ಮೊದಮೊದಲು ನಾನೊಬ್ಬ ಪತ್ತೇದಾರ ಅನ್ನುವ ಹಾಗೆ ಮುಖ ನೋಡಿ ಇದು ಇಂಥದ್ದೇ ಅಂತ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಗೊತ್ತಾಯಿತು, ಎಷ್ಟೋ ಜನರಲ್ಲಿ ಎರಡೂ ಒಟ್ಟಿಗೇ ಇವೆ. ಒಂದರಿಂದ ಇನ್ನೊಂದು ಬಂದಿದೆ.

ಅದು ಗೊತ್ತಾಗಿದ್ದು ನಮ್ಮ ಮನೆಯ ಹುಡುಗನಿಂದಲೇ.

ಹೋದ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಏಳರ ಸುಮಾರಿಗೆ ನನ್ನ ಹೆಂಡತಿಯ ಅಣ್ಣನ ಮಗ ಬಂದ. 23 ವರ್ಷ. ಐಟಿಐ ಮಾಡಿ ಕೋಲಾರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದ. "ಮಾವ, ನೈಟ್ ಶಿಫ್ಟು, ಕಣ್ಣು ಉರೀತಿದೆ. ಡ್ರಾಪ್ಸ್ ಕೊಡಿ" ಅಂದ. ಆ ತಿಂಗಳಲ್ಲಿ ಅದು ಮೂರನೇ ಬಾಟಲಿ. 10 ಎಂಎಲ್ ಬಾಟಲಿ ಎಷ್ಟು ದಿನ ಬರುತ್ತೆ ಅಂತ ನನಗೆ ಗೊತ್ತಿಲ್ವಾ? ಒಳಗೆ ಕರೆದು ಕಾರ್ಟನ್ ಬಾಕ್ಸಿನ ಮೇಲೆ ಕೂರಿಸಿದೆ. ಜಾಕೆಟ್ಟಿನಿಂದ ವಾಸನೆ ಬಂತು. ಸುಟ್ಟ ಹಸಿ ಸೊಪ್ಪಿನ ವಾಸನೆ.

ಬೈಯೋಣ ಅಂದುಕೊಂಡೆ. ಅಷ್ಟರಲ್ಲಿ ಅವನ ಅತ್ತೆ ತಟ್ಟೆಯಲ್ಲಿ ಉಪ್ಪಿಟ್ಟು ತಂದಳು. ಮೂರು ಸಲ ಹಾಕಿಸಿಕೊಂಡು ತಿಂದ. ಆಮೇಲೆ ತಾನಾಗೇ ಹೇಳಿದ.

ಮೂವರು ಹುಡುಗರು ಸೇರಿ ಒಂದು ಶೀಟು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಬೆಳಿಗ್ಗೆ ಎಂಟಕ್ಕೆ ರೂಮಿಗೆ ಬಂದು ಮಲಗಿದರೆ ಹತ್ತೂವರೆಗೆಲ್ಲ ಶೀಟು ಕಾದು ಕೆಳಗೆ ಬೆಂಕಿ. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ. ಒಂದು ವಾರ ರಾತ್ರಿ ಪಾಳಿ, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ಬೆಳಗಿನದು. ಮೈ ಒಂದಕ್ಕೆ ಒಗ್ಗುವಷ್ಟರಲ್ಲಿ ಇನ್ನೊಂದು. ದಿನಕ್ಕೆ ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ರೂಮ್‌ಮೇಟ್ ಒಬ್ಬ ಗಾಂಜಾ ಕೊಟ್ಟ. ಮೊದಲ ದಿನ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತಂತೆ. "ಮಾವ, ಆರು ತಿಂಗಳಲ್ಲಿ ಮೊದಲ ಸಲ ಸತ್ತ ಹಾಗೆ ಮಲಗಿದೆ" ಅಂದ.

ಮೊದಲು ಒಂದು ಸೇದಿದರೆ ಸಾಕಿತ್ತು. ಎರಡು ತಿಂಗಳಿಗೆ ಎರಡಾಯಿತು, ಮೂರಾಯಿತು. ಸೇದದ ದಿನ ನಿದ್ದೆಯೇ ಇಲ್ಲ, ಬೆವರು, ಸುಮ್‌ಸುಮ್ನೆ ಸಿಟ್ಟು. ಅವನಿಗೆ ಭಯ ಹುಟ್ಟಿಸಿದ್ದು ಮಾತ್ರ ಬೇರೆ. ಲೈನಿನಲ್ಲಿ ನಿಂತು ಬೋಲ್ಟು ಬಿಗಿ ಮಾಡುವಾಗ ಈಗ ಮಾಡಿದ್ದು ನಾಲ್ಕನೆಯದೋ ಮೂರನೆಯದೋ ಅಂತ ನೆನಪು ತಪ್ಪುತ್ತಿತ್ತಂತೆ. ಕೈಯಲ್ಲಿ ಟೂಲ್ ಹಿಡಿದುಕೊಂಡು ಬೋಲ್ಟನ್ನೇ ನೋಡುತ್ತಾ ನಿಲ್ಲುವುದು.

ಬುದ್ಧಿ ಹೇಳೋಕೆ ಹೊರಟರೆ ಫೋನ್ ತೆಗೆದು ಒಂದು ಫಾರ್ವರ್ಡ್ ತೋರಿಸಿದ. ನಿದ್ದೆಗೆಟ್ಟ ಮೆದುಳನ್ನು ಗಾಂಜಾದ ಅಂಶ ಕಾಪಾಡುತ್ತದೆ ಅಂತ ಅದರ ತಾತ್ಪರ್ಯ. "ವಿಜ್ಞಾನಿಗಳೇ ಹೇಳಿದ್ದಾರೆ ಮಾವ."

ಅವತ್ತಿನಿಂದ ನಾನೂ ಓದಿದೆ. ಡಿ.ಫಾರ್ಮಾ ಮುಗಿಸಿ ಇಷ್ಟು ವರ್ಷ ಆದ ಮೇಲೆ ಪುಸ್ತಕ ಹಿಡಿದು ಕೂತಿದ್ದು ಇದೇ ಮೊದಲು. ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಅದೇ ಅದರ ಅಪಾಯ.

ಗಾಂಜಾ ಗಿಡದಲ್ಲಿ ಕ್ಯಾನಬಿನಾಯ್ಡ್ ಅನ್ನುವ ರಾಸಾಯನಿಕಗಳು ನೂರಕ್ಕೂ ಹೆಚ್ಚಿವೆ. ಅಮಲು ಬರಿಸುವುದು ಟಿಎಚ್‌ಸಿ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಗಾವೋನಿ ಅದನ್ನು ಬೇರ್ಪಡಿಸಿ ತೋರಿಸಿದರು. ಅದು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅಂತ ಗೊತ್ತಾಗಿದ್ದು 1988ರಲ್ಲಿ. ಸಿಬಿ1 ಅನ್ನುವ ರಿಸೆಪ್ಟರ್ ಅದು, ನರಕೋಶದ ಮೇಲಿನ ಒಂದು ಬಾಗಿಲು ಅನ್ನಿ. ನಮ್ಮ ಮೆದುಳು ಗಾಂಜಾಕ್ಕೆ ಅಂತ ಜಾಗ ಇಟ್ಟುಕೊಂಡು ಹುಟ್ಟಿರಲಿಕ್ಕಿಲ್ಲವಲ್ಲ, ಹಾಗಾದರೆ ಆ ಜಾಗ ಯಾರದ್ದು ಅಂತ ಹುಡುಕಿದರು. 1992ರಲ್ಲಿ ಸಿಕ್ಕಿತು. ನಮ್ಮ ಮೈಯೇ ತಯಾರಿಸುವ ವಸ್ತು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ "ಆನಂದ"ವೇ. ಜೆರುಸಲೇಮಿನ ಲ್ಯಾಬಿನವರು ಸಂಸ್ಕೃತದಿಂದ ತೆಗೆದುಕೊಂಡ ಪದ. ಇದನ್ನು ಓದಿದಾಗ ನನಗೆ ಸಿಕ್ಕಾಪಟ್ಟೆ ಖುಷಿಯಾಗಿ ಹೆಂಡತಿಗೂ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ "ಹೂಂ" ಅಂದಳು. 1995ರಲ್ಲಿ 2-ಎಜಿ ಅಂತ ಇನ್ನೊಂದು ಸಿಕ್ಕಿತು.

ಇವುಗಳ ಕೆಲಸ ಏನು ಅಂತ ಹುಡುಗನಿಗೆ ನಾನು ಹೇಳಿದ್ದು ಹೀಗೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಿದ್ದೀಯ. ಬಡಿಸುವವನು ಸಾರು ಸುರಿಯುತ್ತಾ ಬರುತ್ತಾನೆ. ಸಾಕು ಅನ್ನಿಸಿದಾಗ ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತೀಯ, ಅವನು ಮುಂದಕ್ಕೆ ಹೋಗುತ್ತಾನೆ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಬಡಿಸುತ್ತಿರುತ್ತದೆ. ಜಾಸ್ತಿ ಆಯ್ತು ಅನ್ನಿಸಿದಾಗ ತೆಗೆದುಕೊಳ್ಳುವ ಕೋಶ ಆನಂದಮೈಡನ್ನೋ 2-ಎಜಿಯನ್ನೋ ವಾಪಸ್ ಕಳಿಸಿ "ಸಾಕು" ಅನ್ನುತ್ತದೆ. ಯಾವ ಎಲೆಗೆ ಸಾಕೋ ಆ ಎಲೆಗೆ ಮಾತ್ರ, ಅದೂ ಸ್ವಲ್ಪ ಹೊತ್ತು. ಆಮೇಲೆ ಅದು ಅಲ್ಲೇ ಕರಗಿಹೋಗುತ್ತದೆ. ಟಿಎಚ್‌ಸಿ ಬಂದರೆ ಏನಾಗುತ್ತದೆ ಅಂದರೆ, ಯಾರೋ ಹೊರಗಿನವನು ನುಗ್ಗಿ ಪಂಕ್ತಿಯಲ್ಲಿರುವ ಎಲೆಗಳಿಗೆಲ್ಲ ಗಂಟೆಗಟ್ಟಲೆ ಕೈ ಅಡ್ಡ ಹಿಡಿದ ಹಾಗೆ. ಹಸಿದವನ ಎಲೆಗೂ ಸಾರು ಬೀಳಲ್ಲ.

ಈ ಸಿಬಿ1 ತುಂಬಾ ಇರುವ ಜಾಗಗಳಲ್ಲಿ ಒಂದು ಹಿಪ್ಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ. ಹೊಸದಾಗಿ ಕಂಡಿದ್ದು, ಕೇಳಿದ್ದು ನೆನಪಾಗಿ ನಿಲ್ಲಬೇಕಾದರೆ ಮೊದಲು ಅಲ್ಲಿಗೇ ಹೋಗಬೇಕು. ನಿದ್ದೆಗೆಟ್ಟರೆ ಪೆಟ್ಟು ಬೀಳುವುದೂ ಅಲ್ಲಿಗೇ. ಹಗಲು ಕಲಿತಿದ್ದನ್ನು ಮೆದುಳು ರಾತ್ರಿ ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ನಮ್ಮ ಹುಡುಗನ ನಾಲ್ಕನೇ ಬೋಲ್ಟು ಕಳೆದುಹೋಗಿದ್ದು ಹೀಗೆ. ಒಂದೇ ಜಾಗಕ್ಕೆ ಎರಡು ಕಡೆಯಿಂದ ಏಟು.

ಹಾಗಾದರೆ ನಿದ್ದೆ ಬಂದಿದ್ದು ಸುಳ್ಳಾ? ಸುಳ್ಳಲ್ಲ. ಟಿಎಚ್‌ಸಿ ಬೇಗ ಮಂಪರು ತರಿಸುತ್ತದೆ. ಆದರೆ ಕನಸು ಬೀಳುವ ನಿದ್ದೆಯನ್ನು, ಆರ್‌ಇಎಂ ಅನ್ನುತ್ತಾರಲ್ಲ, ಅದನ್ನು ಕಡಿಮೆ ಮಾಡುತ್ತದೆ. ದಿನಾ ತೆಗೆದುಕೊಂಡರೆ ಮೆದುಳು ತನ್ನ ಸಿಬಿ1 ಬಾಗಿಲುಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅದಕ್ಕೇ ಒಂದಿದ್ದದ್ದು ಮೂರಾಗುವುದು. ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ. ಅದನ್ನು ನೋಡಿ ಹುಡುಗರು "ನೋಡಿ, ಇದಿಲ್ಲದಿದ್ದರೆ ನಿದ್ದೆ ಬರಲ್ಲ" ಅಂತ ತೀರ್ಮಾನಕ್ಕೆ ಬರುತ್ತಾರೆ.

ಇನ್ನು ಮೆದುಳು ಕಾಪಾಡುವ ವಿಷಯ. ಗಿಡದಲ್ಲಿ ಸಿಬಿಡಿ ಅನ್ನುವ ಇನ್ನೊಂದು ಅಂಶ ಇದೆ, ಅದಕ್ಕೆ ಅಮಲಿಲ್ಲ. ಮಕ್ಕಳ ತೀವ್ರ ಮೂರ್ಛೆ ರೋಗಗಳಿಗೆ ಅದರಿಂದ ಮಾಡಿದ ಔಷಧಿಗೆ 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದು ನಿಜವಾದ ಔಷಧಿ, ಅಳತೆ ಇದೆ, ಡಾಕ್ಟರ ನಿಗಾ ಇದೆ. ನಿದ್ದೆಗೆಡಿಸಿದ ಇಲಿಗಳ ಮೇಲೂ ಇಂಥ ಅಂಶಗಳನ್ನು ಹಾಕಿ ನೋಡುತ್ತಿದ್ದಾರೆ. ನೋಡಲಿ. ಆದರೆ ಇಲಿ ಹುಟ್ಟಿನಿಂದಲೇ ನೈಟ್ ಶಿಫ್ಟಿನ ಪ್ರಾಣಿ, ಅದಕ್ಕೆ ಸೂಪರ್‌ವೈಸರ್ ಕಾಟವೂ ಇಲ್ಲ. ಲ್ಯಾಬಿನ ಇಲಿಗೆ ಅಳೆದು ಕೊಟ್ಟ ಹನಿಗೂ, ರೂಮ್‌ಮೇಟ್ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಕ್ಕೂ ಏನು ಸಂಬಂಧ? ನಿದ್ದೆಗೆ ಅಂತ ಗಾಂಜಾದಿಂದ ಮಾಡಿದ ಯಾವ ಔಷಧಿಗೂ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಬೇರೊಂದು ಪ್ರಯೋಗ. 2016ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ಇಪ್ಪತ್ತರ ಹರೆಯದ 14 ಜನರನ್ನು ಒಂದು ಸಲ 4 ರಾತ್ರಿ ಎಂಟೂವರೆ ಗಂಟೆ, ಇನ್ನೊಂದು ಸಲ 4 ರಾತ್ರಿ ಬರೀ ನಾಲ್ಕೂವರೆ ಗಂಟೆ ಹಾಸಿಗೆಯಲ್ಲಿ ಇಟ್ಟರು. ಯಾರಿಗೂ ಗಾಂಜಾ ಕೊಡಲಿಲ್ಲ. ಆದರೂ ನಿದ್ದೆ ಕಡಿಮೆಯಾದಾಗ ಅವರ ರಕ್ತದಲ್ಲಿ ಅದೇ 2-ಎಜಿ ಸುಮಾರು ಶೇ 33ರಷ್ಟು ಹೆಚ್ಚಾಯಿತು. ಮಧ್ಯಾಹ್ನ ಏರಿ ಇಳಿಯಬೇಕಾದದ್ದು ರಾತ್ರಿ 9ರವರೆಗೂ ಇಳಿಯಲಿಲ್ಲ. ಹೊಟ್ಟೆ ತುಂಬಾ ಊಟ ಮಾಡಿ 2 ಗಂಟೆಯೂ ಆಗಿರಲಿಲ್ಲ, ಆದರೂ ಚಿಪ್ಸ್, ಬಿಸ್ಕತ್ತು ಕಂಡರೆ ಕೈ ತಡೆಯಲಾಗಲಿಲ್ಲ. ಅಂದರೆ ನಿದ್ದೆಗೆಟ್ಟವನ ಮೈ ತನ್ನದೇ ಗಾಂಜಾವನ್ನು ಒಂದಿಷ್ಟು ಜಾಸ್ತಿ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಹೊರಗಿನದೂ ಬೇರೆ.

ಸಾಯಂಕಾಲದ ರೈಲು ಇಳಿದವರು ನೇರ ಪಾನಿಪೂರಿ ಗಾಡಿಗೆ ಮುತ್ತಿಕೊಳ್ಳುವುದನ್ನು ದಿನಾ ನೋಡುತ್ತೇನೆ. ಬಂಗಾರಪೇಟೆ ಪಾನಿಪೂರಿಗೆ ಹೆಸರಿದೆ, ಆ ತಿಳಿ ನೀರಿನ ರುಚಿಗೆ ನಾನೂ ಸೋತವನೇ. ಆದರೂ ಈಗ ಆ ಗುಂಪು ನೋಡಿದಾಗ ಎಷ್ಟು ಜನರಿಗೆ ಹಸಿವು, ಎಷ್ಟು ಜನರಿಗೆ ನಿದ್ದೆಗೇಡು ಅಂತ ಅನ್ನಿಸುತ್ತದೆ.

ಆ ನಾಲ್ಕೂವರೆ ಗಂಟೆಯ ಲೆಕ್ಕ ಓದಿದ ಕೂಡಲೇ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ನೆನಪಾದಳು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮೂರೂವರೆಗೆ ಎದ್ದು ಮಕ್ಕಳಿಗೆ ಮುದ್ದೆ, ಸಾರು ಮಾಡಿಟ್ಟು ರೈಲು ಹತ್ತಬೇಕು. ಹೋಗೋಕೆ 70 ಕಿಲೋಮೀಟರ್, ಬರೋಕೆ 70. ಮಲಗುವಾಗ ಹನ್ನೊಂದು. ಲ್ಯಾಬಿನವರು 4 ರಾತ್ರಿ ಮಾಡಿಸಿ ನಿಲ್ಲಿಸಿದ್ದನ್ನು ಈಕೆ ಹನ್ನೊಂದು ವರ್ಷದಿಂದ ಮಾಡುತ್ತಿದ್ದಾಳೆ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಆ ಕಡೆಯಿಂದ ರೈಲು ಹತ್ತುವವರ ಪಾಡೂ ಇದೇ. "ಅಭ್ಯಾಸ ಆಗಿದೆ ಅಣ್ಣ" ಅನ್ನುತ್ತಾಳೆ.

ಅಭ್ಯಾಸ ಆಗಲ್ಲ. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ರಾತ್ರಿ ಅವರ ಮಂಚದ ಪಕ್ಕ ಕುರ್ಚಿಯಲ್ಲೇ ಕಳೆದೆ. ಹಗಲು ಅಂಗಡಿ. ನನಗೇನೂ ತೂಕಡಿಕೆ ಇರಲಿಲ್ಲ. ಕಾಫಿ ಕುಡಿದು ಚೆನ್ನಾಗೇ ಇದ್ದೇನೆ ಅಂದುಕೊಂಡಿದ್ದೆ. ಐದನೇ ದಿನ ಪಕ್ಕದ ಹಳ್ಳಿಯ ಒಬ್ಬ ತಾತ ಸಕ್ಕರೆ ಕಾಯಿಲೆ ಮಾತ್ರೆಗೆ ಬಂದರು. ಚೀಟಿಯಲ್ಲಿ ಗ್ಲಿಮೆಪಿರೈಡ್ 1 ಎಂಜಿ. ಚೀಟಿ ಓದಿದೆ, ಬಾಯಲ್ಲೂ "ಒಂದು" ಅಂದೆ, ಕೈ ಹೋಗಿ 4 ಎಂಜಿ ಸ್ಟ್ರಿಪ್ ತೆಗೆದುಕೊಟ್ಟಿತು. ಸಾಯಂಕಾಲ ಅವರ ಮೊಮ್ಮಗಳು, ಆರನೇ ಕ್ಲಾಸಿನ ಹುಡುಗಿ, ಸ್ಟ್ರಿಪ್ ಹಿಡಿದುಕೊಂಡು ಬಂದಳು. "ತಾತನ ಮಾತ್ರೆ ಬಣ್ಣ ಇದಲ್ಲ ಅಂಕಲ್." ತಾತ ಇನ್ನೂ ತಿಂದಿರಲಿಲ್ಲ. ನನ್ನ ಕೈಕಾಲು ತಣ್ಣಗಾದವು. ಸಕ್ಕರೆ ಇಳಿದು ಆ ಮುದುಕ ರಾತ್ರಿ ಎಲ್ಲೋ ಬಿದ್ದಿದ್ದರೆ? ಅವತ್ತು ಬೇಗ ಅಂಗಡಿ ಮುಚ್ಚಿದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ತೋರಿಸಿದ್ದಾರೆ. ದಿನಕ್ಕೆ 6 ಗಂಟೆಯಂತೆ 14 ದಿನ ಮಲಗಿದವರ ಗಮನ ಎಷ್ಟು ಕೆಟ್ಟಿತ್ತು ಅಂದರೆ ಒಂದೆರಡು ರಾತ್ರಿ ಪೂರ್ತಿ ಎಚ್ಚರ ಇದ್ದವರ ಹಾಗೆ. ಆದರೆ ಕೇಳಿದರೆ ಅವರು "ಅಂಥಾ ನಿದ್ದೆ ಏನೂ ಇಲ್ಲ" ಅನ್ನುತ್ತಿದ್ದರು. ಮೆದುಳು ಸೋತಿದೆ ಅಂತ ಹೇಳಬೇಕಾದ್ದೂ ಅದೇ ಸೋತ ಮೆದುಳೇ ಅಲ್ವಾ.

ಸತತ 17 ಗಂಟೆ ಎಚ್ಚರ ಇದ್ದರೆ ಕೈ, ಕಣ್ಣು, ಗಮನ ಎಲ್ಲ ರಕ್ತದಲ್ಲಿ ಶೇ 0.05 ಮದ್ಯ ಇದ್ದವನ ಹಾಗೆ ಆಗುತ್ತವೆ ಅಂತಲೂ ಅಳೆದಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮಿತಿ ಶೇ 0.03. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ತುಂಬಿಕೊಂಡು ದಿಲ್ಲಿ, ಕೋಲ್ಕತ್ತಾಗೆ ಹೊರಡುವ ಲಾರಿಯವರು, ರಾತ್ರಿ ತ್ರೀ ಫೇಸ್ ಕರೆಂಟ್ ಬರುತ್ತೆ ಅಂತ ಕಾದಿದ್ದು ಮೋಟಾರ್ ಹಾಕಿ ನೀರು ಕಟ್ಟಿ, ಬೆಳಿಗ್ಗೆ ಅದೇ ಕಣ್ಣಿನಲ್ಲಿ ಬೈಕ್ ಹತ್ತುವ ರೈತರು, ಇವರ ಬಾಯಿಗೆ ಹಿಡಿಯೋಕೆ ಯಾವ ಮೆಷಿನ್ ಇದೆ?

ಹುಡುಗನ ವಿಷಯಕ್ಕೆ ಬರುತ್ತೇನೆ. ಅವರಪ್ಪ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಎರಡು ಬಾರಿಸಿಸೋಣ ಅಂದರು. ಬೇಡ ಭಾವ ಅಂತ ತಡೆದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಆಮೇಲೆ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು ಎಷ್ಟು ಸೇದುತ್ತೀಯ ಅಂತ ಅಲ್ಲ. "ಎಷ್ಟು ಹೊತ್ತಿಗೆ ಮಲಗ್ತೀಯ, ಎಲ್ಲಿ ಮಲಗ್ತೀಯ?" ಶೀಟಿನ ಮನೆ ಅಂದಾಗ ಪೆನ್ನು ಕೆಳಗಿಟ್ಟರು.

ಬಿಟ್ಟ ಮೊದಲ ವಾರ ನಮ್ಮ ಮನೆಯಲ್ಲೇ ಇದ್ದ. ಕಷ್ಟ ಪಟ್ಟ. ಬೆಳಗಿನ ಜಾವ ಕೂಗಿಕೊಂಡು ಏಳುತ್ತಿದ್ದ. ಅದುಮಿಟ್ಟ ಕನಸುಗಳೆಲ್ಲ ಬಡ್ಡಿ ಸಮೇತ ಬರುತ್ತವೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಕಡಿಮೆಯಾದ ಸಿಬಿ1ಗಳು ಸುಮಾರು 4 ವಾರಕ್ಕೆ ಮತ್ತೆ ಮೊದಲಿನ ಹಾಗೆ ಆಗುತ್ತವೆ ಅಂತ ಓದಿದ್ದನ್ನು ನಾನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿದೆ. ಮನೆಯ ಹಿಂದಿನ ಕೋಣೆಯ ಕಿಟಕಿಗೆ ಅವನ ಅತ್ತೆ ಹಳೆ ಕಂಬಳಿ ಕಟ್ಟಿದಳು. ಕತ್ತಲೆಯಲ್ಲಿ ಹಗಲು ಐದು ಗಂಟೆ ಮಲಗಿದ ದಿನ ಎದ್ದು ಬಂದು ಸುಮ್ನೆ ಕೂತಿದ್ದ. ಹಸಿವಾಗ್ತಿದೆಯಾ ಅಂದರೆ ಇಲ್ಲ ಅಂದ.

ಡಾಕ್ಟರು ಫ್ಯಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು. ಪಾಳಿ ಬದಲಿಸಲೇಬೇಕಿದ್ದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಬದಲಿಸಿ ಅಂತ. ನಮ್ಮ ಮೈಯೊಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನ, ಮುಂದಕ್ಕೆ ತಳ್ಳಿದರೆ ಹೊಂದಿಕೊಳ್ಳುತ್ತದೆ, ಹಿಂದಕ್ಕೆ ಎಳೆದರೆ ಒದ್ದಾಡುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಚಾರ್ಟಿನಲ್ಲಿ ಸಾಲು ತಿರುಗಿಸಿ ಬರೆಯಬೇಕು ಅಷ್ಟೆ. "ನೋಡೋಣ" ಅಂದರಂತೆ. ಕಾಂಟ್ರಾಕ್ಟ್ ಹುಡುಗನ ಚೀಟಿ ಯಾರು ನೋಡುತ್ತಾರೆ. ಎರಡು ತಿಂಗಳು ಕಾದು ಕೆಲಸ ಬಿಟ್ಟ. ಈಗ ಕೋಲಾರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. ಸಂಬಳ ನಾಲ್ಕು ಸಾವಿರ ಕಡಿಮೆ. ಅವನ ಜಾಗಕ್ಕೆ ಮರುದಿನವೇ ಇನ್ನೊಬ್ಬ ಬಂದನಂತೆ. ಅದೇ ರೂಮು, ಅದೇ ಶೀಟು, ಅದೇ ರೂಮ್‌ಮೇಟ್.

ಆ ಇನ್ನೊಬ್ಬನಿಗಾಗಿ ಈ ಪತ್ರ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ 1985ರದು. ಸೇದಿ ಸಿಕ್ಕಿಬಿದ್ದ ವ್ಯಸನಿ ತಾನಾಗೇ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಹೋದರೆ ಅವನ ಮೇಲೆ ಕೇಸು ನಡೆಸಬೇಕಿಲ್ಲ ಅನ್ನುವ ದಾರಿ ಅದರಲ್ಲೇ ಇದೆ, ಕಲಂ 64ಎ. ಎಷ್ಟು ಅಪ್ಪಂದಿರಿಗೆ ಗೊತ್ತು? ನೀವು ಪೊಲೀಸರ ಫೋಟೊ ಹಾಕಿ, ಎಷ್ಟು ಕೆಜಿ ಅಂತಲೂ ಹಾಕಿ. ಅದರ ಕೆಳಗೆ ಒಂದು ಸಾಲಿನ ಜಾಗ ಬಿಟ್ಟು 14416 ಅಂತ ಅಚ್ಚು ಮಾಡಿ. ವ್ಯಸನ ಬಿಡಿಸುವ ಸಹಾಯವಾಣಿ 14446 ಕೂಡ ಇದೆ, ಜಾಗ ಇದ್ದರೆ ಅದನ್ನೂ. ಮತ್ತೆ ನಿಮ್ಮ ವರದಿಗಾರರು ಆ ಹುಡುಗರನ್ನು ಮಾತಾಡಿಸುವ ಅವಕಾಶ ಸಿಕ್ಕಾಗ, ಮಾಲು ಎಲ್ಲಿಂದ ಬಂತು ಅನ್ನುವುದರ ಜೊತೆಗೆ ಯಾವ ಶಿಫ್ಟು ಅಂತಲೂ ಒಂದು ಮಾತು ಕೇಳಲಿ. ನಾನು ಡ್ರಾಪ್ಸ್ ಕೊಡುವ ಮೊದಲು ಈಗ ಅದನ್ನೇ ಕೇಳುತ್ತಿದ್ದೇನೆ.

ಹುಡುಗನ ಗುರುತು ಸಿಗಬಾರದು ಅಂತ ಕೆಳಗೆ ಹೆಸರು ಹಾಕಿಲ್ಲ. ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಒಬ್ಬ ಔಷಧಿ ಅಂಗಡಿಯವನು
ಬಂಗಾರಪೇಟೆ, ಕೋಲಾರ ಜಿಲ್ಲೆ